ಕಟ್ಟೆಯಿಂದ ಕಟ್ಟಡದವರೆಗೆ: ಮರವನ್ನು ಉಳಿಸಿ ಕಟ್ಟಿದವರ ಪರಂಪರೆ

ನಮ್ಮ ಹಿರಿಯರು ಸಭಾಭವನಗಳನ್ನು ಕಟ್ಟುವ ಬಹುಕಾಲದ ಮೊದಲೇ ಅಶ್ವತ್ಥಕ್ಕೆ ಕಟ್ಟೆ ಕಟ್ಟಿದರು. ನ್ಯಾಯತೀರ್ಮಾನ, ಪುರಾಣಶ್ರವಣ, ದಾರಿಹೋಕರ ವಿಶ್ರಾಂತಿ ಎಲ್ಲಕ್ಕೂ ಅದೇ ತಾಣವಾಗಿತ್ತು. ‘ಕಟ್ಟೆ ಪಂಚಾಯಿತಿ’, ‘ಹರಟೆಕಟ್ಟೆ’ ಎಂಬ ಮಾತುಗಳು ಇಂದಿಗೂ ಅದರ ನೆನಪನ್ನು ಕಾಪಾಡಿಕೊಂಡು ಬಂದಿವೆ. ಗಾರೆಯಿಲ್ಲದೆ ಕಲ್ಲು ಜೋಡಿಸಿದ ಹಳೆಯ ಕಟ್ಟೆಗಳಲ್ಲಿ ಸಂದುಗಳ ಮೂಲಕ ನೀರೂ ಗಾಳಿಯೂ ಬೇರಿಗೆ ಇಳಿಯುತ್ತಿದ್ದವು. ಸಿಮೆಂಟು ಬಳಿದ ಇಂದಿನ ಕಟ್ಟೆಗಳಿಗೆ ಆ ಗುಣವಿಲ್ಲ.

ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲೂ ಈ ಪರಂಪರೆ ಕಾಣುತ್ತದೆ. ೧೯೦೧ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ತೆರೆದ ಶಾಲೆಗೆ ಮರದ ನೆರಳೇ ತರಗತಿಯಾಯಿತು. ನಗರದ ನಡುವೆ ಇದೇ ವಿವೇಕವನ್ನು ಮೆರೆದವರು ಲಾರಿ ಬೇಕರ್. ೧೯೧೭ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ೧೯೪೫ರಲ್ಲಿ ಭಾರತಕ್ಕೆ ಬಂದು, ಕೊನೆಗೆ ಇಲ್ಲಿಯ ಪ್ರಜೆಯೇ ಆದ ಈ ವಾಸ್ತುಶಿಲ್ಪಿ ೧೯೭೦ರ ದಶಕದಲ್ಲಿ ತಿರುವನಂತಪುರದ ಉಳ್ಳೂರಿನಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಅಲ್ಲಿ ಅವರು ಗುಡ್ಡದ ಇಳಿಜಾರನ್ನು ಸಮತಟ್ಟು ಮಾಡಲಿಲ್ಲ. ಮರ ಎದುರಾದೆಡೆ ಇಟ್ಟಿಗೆಯ ಗೋಡೆಯನ್ನೇ ಬಳುಕಿಸಿದರು. ಜಾಲಂಧ್ರಗಳಿಂದ ಗಾಳಿ ಒಳಬಂತು, ಕೊಂಬೆಗಳಿಂದ ತಂಪು ಬಂತು, ವೆಚ್ಚವೂ ಹಿತಮಿತವಾಗಿ ಉಳಿಯಿತು.

ಇಂತಹ ನಿರ್ಮಾಣಕ್ಕೆ ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಬೇಕು. ಮರದ ಆಹಾರ ಹೀರುವ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲೇ ಇದ್ದು, ಕೊಂಬೆಗಳ ನೆರಳನ್ನೂ ದಾಟಿ ಹರಡುತ್ತವೆ. ಉದ್ದಕ್ಕೂ ತೋಡಿದ ಅಡಿಪಾಯ ಅವನ್ನು ಕತ್ತರಿಸುತ್ತದೆ. ಬುಡಕ್ಕೆ ಸುರಿದ ಮಣ್ಣು ಉಸಿರುಗಟ್ಟಿಸುತ್ತದೆ. ಬಿಡಿ ಕಂಬಗಳ ಮೇಲೆ ನೆಲದಿಂದೆತ್ತರದಲ್ಲಿ ತೊಲೆ ಹಾಯಿಸಿದರೆ ಬೇರೂ ಉಳಿಯುತ್ತದೆ, ಕಟ್ಟಡವೂ ನಿಲ್ಲುತ್ತದೆ.

ನಮ್ಮ ಶಾಲೆ ಹುಟ್ಟಿದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾವೂ ಸೇರಿದೆವು. ರಾಜ್ಯ ಬದಲಾಯಿತು, ಕಡತದ ಭಾಷೆ ಬದಲಾಯಿತು. ಅಂಗಳದ ಮಾವಿನ ಮರದಡಿ ಕನ್ನಡದ ಅಕ್ಷರಮಾಲೆ ಮುಂದುವರಿಯಿತು. ಈಗ ಶತಮಾನೋತ್ಸವ ಭವನದ ನಕ್ಷೆ ಸಿದ್ಧವಾಗುತ್ತಿದೆ. ಆ ಮರ ನಕ್ಷೆಯ ರೇಖೆಯೊಳಗೆ ಬರುತ್ತದೆ. ಅದನ್ನು ಉಳಿಸಿದರೆ ಒಂದು ಕೊಠಡಿ ಕಡಿಮೆಯಾಗಬಹುದು. ಮಕ್ಕಳಿಗೆ ಸ್ಥಳದ ಕೊರತೆ ಇರುವಾಗ ಇದು ಸಣ್ಣ ನಷ್ಟವಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಕೊಠಡಿಯನ್ನು ಇನ್ನೊಂದು ವರ್ಷ ಕಟ್ಟಬಹುದು. ನೂರು ವರ್ಷದ ಮರವನ್ನು ಮತ್ತೆ ಪಡೆಯಲು ನೂರು ವರ್ಷವೇ ಬೇಕು. ಆದುದರಿಂದ ಗೋಡೆ ಮರಕ್ಕೆ ದಾರಿ ಬಿಡುವಂತೆ ನಕ್ಷೆಯನ್ನು ತಿದ್ದಬೇಕೆಂದು ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಾವು ವಿನಯಪೂರ್ವಕ ಕೇಳಿಕೊಳ್ಳುತ್ತೇವೆ.