ರಜಾ, ರಾಜಿ, ರಜಾಕಾರ

ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆಯಲ್ಲಿ ಶಾಲೆ ಇಲ್ಲದ ದಿನ ಮಕ್ಕಳು ‘ಇವತ್ತ ಸೂಟಿ’ ಎನ್ನುತ್ತಾರೆ. ಅವರಪ್ಪ ಕೆಲಸಕ್ಕೆ ಹೋಗದೆ ಮನೆಯಲ್ಲಿ ಉಳಿದರೆ ಮಾತ್ರ ‘ರಜಾ ಹಾಕ್ಯಾನ’. ಒಂದೇ ಬಿಡುವಿಗೆ ಎರಡು ಮಾತು ಏಕೆ? ಪದದ ಬೆನ್ನು ಹತ್ತುವ ನಮ್ಮಂಥವರಿಗೆ ಇಷ್ಟು ಸಂದು ಸಿಕ್ಕರೆ ಸಾಕು. ಮರಾಠಿಯ ‘ಸುಟಣೆ’, ಅಂದರೆ ಬಿಡುಗಡೆಯಾಗುವುದು ಎಂಬ ಕ್ರಿಯೆಯ ನಂಟಿನದು ಸೂಟಿ. ಅದು ಎಲ್ಲರಿಗೂ ಒಟ್ಟಿಗೆ, ಕೇಳದೆ ಒದಗುವಂಥದು. ರಜಾ ಹಾಗಲ್ಲ. ಮೇಲಿನವರನ್ನು ಕೇಳಬೇಕು, ಅವರು ಹೂಂ ಅನ್ನಬೇಕು. ಏಕೆಂದರೆ ಅರಬ್ಬಿಯ ‘ರಿದಾ’, ಪಾರಸಿಯ ಬಾಯಲ್ಲಿ ‘ರಜಾ’ ಆದ ಈ ಶಬ್ದದ ಮೊದಲ ಅರ್ಥ ಬಿಡುವಲ್ಲ, ಸಂತೋಷ; ಸಂತೋಷದಿಂದ ಸಮ್ಮತಿ, ಸಮ್ಮತಿಯಿಂದ ಅಪ್ಪಣೆ, ಅಪ್ಪಣೆಯಿಂದ ಅಪ್ಪಣೆ ಪಡೆದ ಬಿಡುವು. ನಮ್ಮ ಹಿರಿಯರು ಹೊರಡುವಾಗ ‘ಅಪ್ಪಣೆ ಆಗಲಿ’ ಎನ್ನುವುದೂ, ಮರಾಠಿಯವರು ಬೀಳ್ಕೊಳ್ಳುವಾಗ ‘ರಜಾ ಘೇತೋ’ ಎನ್ನುವುದೂ ಅದೇ ಭಾವದ ಎರಡು ಬಗೆ. ಸಂಸ್ಕೃತದ ರಜಸ್ಸಿಗೂ, ಹೂವಿನ ರಜಕ್ಕೂ ಇದಕ್ಕೂ ಕಿವಿಯ ಸಾಮ್ಯವಷ್ಟೆ, ಕರುಳಿನ ಸಂಬಂಧವಿಲ್ಲ.

ಅರಬ್ಬಿಯಲ್ಲಿ ನಾಲಗೆಯ ಅಂಚನ್ನು ಬಿಗಿಹಿಡಿದು ನುಡಿಯುವ ಆ ಗಡುಸು ದಕಾರ ಪಾರಸಿಯಲ್ಲಿ ಮೆತ್ತಗಾಗಿ, ಕನ್ನಡಕ್ಕೆ ಬರುವಾಗ ಬರಿಯ ಜಕಾರವಾಯಿತು; ಕಾಜಿ, ಅರ್ಜಿ, ಹಾಜರು, ಜಾಮೀನು, ಜಪ್ತಿ, ಕೊನೆಗೆ ನಮ್ಮ ಜಿಲ್ಲೆ ಕೂಡ ಅದೇ ಬಾಗಿಲಿನಿಂದ ಒಳಬಂದವು. ರಜೆಯ ಒಡಹುಟ್ಟುಗಳನ್ನು ಆ ಸಾಲಿನಲ್ಲಿ ಹುಡುಕಿದರೆ ಮೊದಲು ಎದುರಾಗುವುದು ರಾಜಿ. ಮೂಲದಲ್ಲಿ ಅದು ತೃಪ್ತನಾದವನು, ಒಪ್ಪಿದವನು ಎಂಬ ಗುಣವಾಚಕ; ‘ಅದಕ್ಕ ನಾ ರಾಜಿ ಅದೀನಿ’ ಎನ್ನುವಾಗ ಈಗಲೂ ಆ ಹಳೆಯ ಅರ್ಥ ಮಿಡಿಯುತ್ತದೆ, ‘ರಾಜಿ ಮಾಡಿಸು’ ಎನ್ನುವಾಗ ಮಾತ್ರ ಇಬ್ಬರೂ ತುಸು ಕಳೆದುಕೊಂಡು ಸುಮ್ಮನಾಗುವುದೆಂಬ ಛಾಯೆ ಕವಿಯುತ್ತದೆ. ಮರ್ಜಿಯೂ ಅದೇ ಬಳ್ಳಿಯದು. ಒಬ್ಬನ ಇಷ್ಟವೇ ಎಲ್ಲರ ಕಟ್ಟಳೆಯಾದಾಗ ‘ಸಾಹೇಬರ ಮರ್ಜಿ’. ಇನ್ನು ರಾಜೀನಾಮೆಯದಂತೂ ಸೋಜಿಗದ ಅಲೆದಾಟ: ಹಿಂದಿ, ಉರ್ದುಗಳಲ್ಲಿ ಅದು ಇಂದಿಗೂ ಇಬ್ಬರು ಕೂಡಿ ಬರೆದ ರಾಜಿಪತ್ರ, ಮುಂಬಯಿ ಇಲಾಖೆಯ ಕಂದಾಯದ ಕಾಗದಗಳಲ್ಲಿ ಹೊಲ ಬಿಡುವ ರೈತ ಬರೆದುಕೊಡುವ ಪತ್ರ ರಾಜೀನಾಮೆಯಾದರೆ ಅದನ್ನು ಹಿಡಿಯುವವನದು ಕಬೂಲಾಯತಿ, ಹೀಗೆ ನೆಲ ಬಿಡುವುದರಿಂದ ನೌಕರಿ ಬಿಡುವುದಕ್ಕೆ ಜಾರಿ, ಮರಾಠಿ ಕನ್ನಡಗಳೆರಡರಲ್ಲೂ ಒಪ್ಪಿಗೆಯ ಪತ್ರವು ತೊರೆಯುವ ಪತ್ರವಾಗಿ ನಿಂತಿತು.

ಅಚ್ಚಗನ್ನಡದ ‘ಒಪ್ಪು’ ಕೂಡ ಇಂಥದೇ ಹಾದಿ ತುಳಿದಿದೆಯಲ್ಲ. ಹಳಗನ್ನಡದಲ್ಲಿ ಒಪ್ಪುವುದೆಂದರೆ ಸೊಗಯಿಸುವುದು, ತಕ್ಕುದಾಗಿ ಕಾಣುವುದು. ರತ್ನಕ್ಕೆ ಒಪ್ಪವಿಡುವುದು ಹೊಳಪು ಕೊಡುವುದು. ಆಮೇಲೆ ಒಪ್ಪಿಗೆ, ಓಲೆಯ ಕೆಳಗಿನ ಒಪ್ಪ, ಒಪ್ಪಿಸುವುದು, ಒಪ್ಪಂದ. ಎರಡು ನುಡಿಕುಲಗಳೂ ಸಮ್ಮತಿಯನ್ನು ಮೊದಲು ಚೆಲುವಿನಲ್ಲಿ, ನಲಿವಿನಲ್ಲಿ ಕಂಡವು.

ರಜಾಕ್ಕೆ ‘ಕಾರ’ ಸೇರಿದರೆ ರಜಾಕಾರ: ತನ್ನ ಇಚ್ಛೆಯಿಂದ ಕೆಲಸಕ್ಕೆ ನಿಂತವನು. ಸಂಸ್ಕೃತದ ಕಾರ, ಪಾರಸಿಯ ಕಾರ ಎರಡೂ ದೂರದ ದಾಯಾದಿಗಳಾದ್ದರಿಂದ ಈ ಪದ ನಮ್ಮ ಕಿವಿಗೆ ಪರಕೀಯವೆನಿಸಲೂ ಇಲ್ಲ. ಅರ್ಥದಲ್ಲಿ ಇದು ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸೇವಾದಳದ ಸ್ವಯಂಸೇವಕನಿಗೆ ಅಕ್ಷರಕ್ಕಕ್ಷರ ಪರ್ಯಾಯ. ನಮ್ಮ ಶಾಸನಗಳ ವೇಳೆವಾಳಿಗಳನ್ನು ಇಲ್ಲಿ ನೆನೆಯುವ ಆಸೆಯಾಗುತ್ತದೆ, ಆದರೆ ಅವರು ಒಡೆಯನಿಗೆ ಪ್ರಾಣದ ನುಡಿ ಕೊಟ್ಟವರು. ರಜಾಕಾರ ಎಂಬ ಶಬ್ದದಲ್ಲಿ ಒಡೆಯನಿಲ್ಲ, ಮನಸ್ಸಷ್ಟೇ ಇದೆ. ಹೈದರಾಬಾದಿನ ಇತ್ತೆಹಾದುಲ್ ಮುಸ್ಲಿಮೀನ್ ತನ್ನ ಸ್ವಯಂಸೇವಕ ಪಡೆಗೆ ಈ ಹೆಸರಿಟ್ಟಿತು. 1944ರಲ್ಲಿ ಬಹಾದುರ್ ಯಾರ್ ಜಂಗ್ ತೀರಿಕೊಂಡ ಮೇಲೆ ಆ ಸಂಸ್ಥೆಯ ಮುಂದಾಳುತನ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಸೇರಿ, ಪಡೆ ಬಂದೂಕು ಹಿಡಿಯಿತು. ರಜ್ವಿ ಎಂಬ ಮನೆತನದ ಹೆಸರೂ ಇಮಾಮ್ ರಜಾ ಅವರಿಂದ, ಅಂದರೆ ಅದೇ ಧಾತುವಿನಿಂದ ಬಂದದ್ದು.

ಆ ಹೊತ್ತಿನ ದಿಲ್ಲಿ ಮತ್ತು ಹೈದರಾಬಾದಿನ ನಿಜಾಮರ ನಡುವಿನ ಕಾಗದಕ್ಕೆ ಕನ್ನಡದಲ್ಲಿ ‘ಯಥಾಸ್ಥಿತಿ ಒಪ್ಪಂದ’ ಎಂಬ ಹೆಸರು ನಿಂತಿದೆ. ಅದರಲ್ಲಿ ಒಪ್ಪು ಎಷ್ಟಿತ್ತು? 1947ರ ಅಕ್ಟೋಬರ್ 27ರ ನಸುಕಿನಲ್ಲಿ, ಕರಡು ಹಿಡಿದು ದಿಲ್ಲಿಗೆ ಹೊರಡಬೇಕಿದ್ದ ನಿಯೋಗದವರ ಮನೆಗಳನ್ನು ಇತ್ತೆಹಾದಿನ ಗುಂಪು ಮುತ್ತಿತು; ನಿಜಾಮರ ಪ್ರಧಾನಿ ಛತಾರಿ ನವಾಬರು ರಾಜೀನಾಮೆಯಿತ್ತರು; ಹೊಸ ನಿಯೋಗ ಹೋಗಿ ನವೆಂಬರ್ 29ರಂದು ಒಂದು ವರ್ಷದ ಮಟ್ಟಿಗೆ ಒಪ್ಪ ಬಿತ್ತು. ಮರುವರ್ಷದ ಜನವರಿಯಲ್ಲಿ ಕನ್ಹಯ್ಯಲಾಲ್ ಮುನ್ಷಿ ಭಾರತದ ಏಜೆಂಟ್ ಜನರಲ್ ಆಗಿ ಹೈದರಾಬಾದಿಗೆ ಹೋದರು. ಗಡಿಯ ಹಾವಳಿ ನಿಲ್ಲಬೇಕೆಂದು ಎರಡೂ ಕಡೆಯವರು ಹೇಳಿದರು, ಆದರೆ ಯಾವುದು ಹಾವಳಿ ಎಂಬಲ್ಲಿ ಮಾತು ಕೂಡಲಿಲ್ಲ. ದಿಲ್ಲಿಗೆ ಹಾವಳಿಯೆಂದರೆ ರಜಾಕಾರರು, ಅದರ ಜೊತೆಗೆ ಪಾಕಿಸ್ತಾನಕ್ಕೆ ಕೊಟ್ಟ 20 ಕೋಟಿ ರೂಪಾಯಿಯ ಸಾಲ. ನಿಜಾಮರ ಹೊಸ ಪ್ರಧಾನಿ ಲಾಯಕ್ ಅಲಿಯವರ ಸರ್ಕಾರಕ್ಕೆ ಸೊಲ್ಲಾಪುರ, ಗದಗ, ಮುಂಡರಗಿಗಳ ಸ್ಟೇಟ್ ಕಾಂಗ್ರೆಸ್ ಶಿಬಿರಗಳಿಂದ ನುಗ್ಗಿಬರುತ್ತಿದ್ದವರು, ಮತ್ತು ಸರಕು ತಡೆದ ದಿಗ್ಬಂಧನ. ರಜಾಕಾರರನ್ನು ನಿಷೇಧಿಸಿ ಎಂದರೆ, ಅವರು ಸ್ವಂತ ಇಚ್ಛೆಯಿಂದ ನಿಂತವರು ಎಂಬ ಉತ್ತರಕ್ಕೆ ಹೆಸರೇ ಆಸರೆಯಾಗಿತ್ತು.

ಅಕ್ಕಲಕೋಟೆಯವರಿಗೆ ಇದು ದಫ್ತರದ ವ್ಯವಹಾರವಾಗಿರಲಿಲ್ಲ. ಭೋಸಲೆಯವರ ಆ ಸಂಸ್ಥಾನ 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದರ ಪೂರ್ವದ ಹೊಲಗಳಾಚೆ ನಿಜಾಮರ ಆಳಂದದ ಸೀಮೆ, ಜನರ ಬಾಯಲ್ಲಿ ‘ಮೊಗಲಾಯಿ’. ಎರಡೂ ಕಡೆ ಕನ್ನಡವೇ, ಹೆಣ್ಣು ಕೊಟ್ಟು ತಂದ ಮನೆಗಳೇ. ನಳದುರ್ಗದ ಕೋಟೆಯೊಳಗೆ ಕಟ್ಟೆ ಹಾಕಿಸಿಕೊಂಡು ಹರಿಯುವ ಬೋರಿ ಹೊಳೆ ಮೊಗಲಾಯಿಯಿಂದ ಇಳಿದು ಅಕ್ಕಲಕೋಟೆಯ ನೆಲ ತೋಯಿಸಿಯೇ ಭೀಮೆಗೆ ಸೇರುತ್ತದೆ. ಸ್ವಾಮಿ ಸಮರ್ಥರ ಭಕ್ತರು ದತ್ತನ ಗಾಣಗಾಪುರಕ್ಕೆ ಹೋಗಲು ಇಳಿಯುವ ರೈಲು ನಿಲ್ದಾಣವೂ ನಿಜಾಮರ ಸರಹದ್ದಿನೊಳಗೇ. 1948ರ ಮೇ 22ರಂದು ರೈಲಿನ ಮೇಲೆ ದಾಳಿಯಾದದ್ದು ಅಲ್ಲಿ. ‘ಭಯೋತ್ಪಾದನೆ’ ಎಂಬ ಟಂಕಸಾಲೆಯ ಮಾತು ಆ ಹಳ್ಳಿಗರದಲ್ಲ. ಅವರು ‘ರಜಾಕಾರರ ಹಾವಳಿ’ ಎಂದರು, ಹಾವಳಿಯೆಂಬ ಆ ಪದಕ್ಕೆ ಬೇರೆ ವಿಶೇಷಣ ಬೇಕಾಗಲಿಲ್ಲ. ಸೆಪ್ಟೆಂಬರ್ 13ರಂದು ಜಯಂತನಾಥ ಚೌಧುರಿಯವರ ಸೇನೆ ಸೊಲ್ಲಾಪುರದಿಂದ ನಳದುರ್ಗದ ದಾರಿ ಹಿಡಿದು ನಡೆಯಿತು. 17ರಂದು ಲಾಯಕ್ ಅಲಿ ಸಂಪುಟ ಅಧಿಕಾರ ಬಿಟ್ಟಿತು. ಉರ್ದು ಬಲ್ಲವರು ಅದನ್ನು ಇಸ್ತೀಫಾ ಎಂದರು. ನಮ್ಮ ಮಾತಿನಲ್ಲಿ ಅದು ರಾಜೀನಾಮೆಯೇ.

ಪದವೊಂದು ಜನಾಂಗದ ಬೈಗುಳವಾಗಿ ತಿರುಗುವುದು ಎಷ್ಟು ಸುಲಭವೆಂಬುದನ್ನು ನಾವು ಮುಚ್ಚಿಡಬಾರದು. ರಜಾಕಾರರನ್ನು ತನ್ನ ‘ಇಮ್ರೋಜ್’ ಪತ್ರಿಕೆಯಲ್ಲಿ ಎದುರಿಸಿದ ಶೋಯೆಬುಲ್ಲಾ ಖಾನ್ ಆ ಆಗಸ್ಟಿನಲ್ಲಿ ಅವರ ಕೈಯಲ್ಲೇ ಹತನಾದ. ಆದರೂ ‘ಪೊಲೀಸ್ ಆಕ್ಷನ್’ ಎನಿಸಿಕೊಂಡ ಆ ಸೇನಾ ಕಾರ್ಯಾಚರಣೆ ಆದ ಮೇಲೆ ಪಡೆಯ ಮೆಟ್ಟಿಲೂ ತುಳಿಯದ ಸಾವಿರಾರು ಮುಸ್ಲಿಮರನ್ನು ಅದೇ ಹೆಸರಿನಲ್ಲಿ ಕೊಲ್ಲಲಾಯಿತು. ಅದನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯ ಅಂದಾಜು 27 ಸಾವಿರದಿಂದ 40 ಸಾವಿರ. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಇದ್ದವು, ಅಂದರೆ ಇದೇ ಗಡಿ. 1971ರಲ್ಲಿ ಪೂರ್ವ ಪಾಕಿಸ್ತಾನದ ಸೈನಿಕ ಆಡಳಿತ ತನ್ನ ಸಹಾಯಕ ಪಡೆಗೆ ಪುನಃ ಈ ಹೆಸರನ್ನೇ ಆರಿಸಿಕೊಂಡಿತು, ಬಂಗಾಳಿಯಲ್ಲಿ ಅದು ದೇಶದ್ರೋಹಿ ಎಂದೇ ಉಳಿಯಿತು. 2024ರ ಜುಲೈಯಲ್ಲಿ ಢಾಕಾದ ವಿದ್ಯಾರ್ಥಿಗಳು, ತಮ್ಮ ಮೇಲೆ ಎಸೆದ ಆ ಬೈಗುಳವನ್ನು ತಾವೇ ಕೂಗಿ ಹಿಂದಿರುಗಿಸಿದರು. ಉರ್ದುವಿನಲ್ಲಿ ಮಾತ್ರ ಇಂದಿಗೂ ನೆರೆ ಬಂದಾಗ ರೊಟ್ಟಿ ಹಂಚುವವನು ರಜಾಕಾರನೇ.

ಸೊಲ್ಲಾಪುರದ ಕಡೆಯ ಹಳೆಯ ಖರೀದಿಪತ್ರಗಳನ್ನು ಓದುವವರಿಗೆ ಗೊತ್ತು, ಅಲ್ಲಿ ರಾಜಿ ಒಂಟಿಯಾಗಿ ಬರುವುದು ಅಪರೂಪ. ‘ರಾಜೀಖುಷಿಯಿಂದ’ ಎಂದು ಬರೆಯುತ್ತಾರೆ. ಖುಷಿ ರಾಜಿಯ ಒಳಗೇ ಇದ್ದ ಅರ್ಥ. ಬರೆಯುವವನು ಅದನ್ನು ಮತ್ತೊಮ್ಮೆ ಹೊರಗೆ ತಂದು, ರಾಜಿಯ ಪಕ್ಕದಲ್ಲೇ ಕೂರಿಸುತ್ತಾನೆ.