ದ್ವಿಭಾಷಿಯ ದಿನಚರಿ

ಕ್ರಿ. ಶ. 1736ರ ಸೆಪ್ಟೆಂಬರ್ 6ನೆಯ ದಿನ ಪಾಂಡಿಚೇರಿಯ ವರ್ತಕನೊಬ್ಬನು ತಾನು ಕಂಡುದನ್ನೂ ಕೇಳಿದುದನ್ನೂ, ಬಂದರಿಗೆ ಬಂದ ಹಡಗುಗಳನ್ನೂ ಬಿಟ್ಟುಹೋದ ಹಡಗುಗಳನ್ನೂ ತನ್ನ ತಮಿಳು ನುಡಿಯಲ್ಲಿ ಬರೆದಿಡಲು ತೊಡಗಿದನು. ಓದುಗರನ್ನಾಗಲಿ ಕೀರ್ತಿಯನ್ನಾಗಲಿ ಬಯಸದೆ ಹೀಗೆ ಆರಂಭವಾದ ಆ ಬರಹವು, ನಡುನಡುವೆ ಕಡಿದುಹೋದರೂ, ಸುಮಾರು ಇಪ್ಪತ್ತನಾಲ್ಕು ವರ್ಷಗಳ ಕಾಲ ಮುಂದುವರಿದು, ದಕ್ಷಿಣ ಭಾರತದ ಭಾಗ್ಯವನ್ನೇ ತಿರುಗಿಸಿದ ಒಂದು ಯುಗಕ್ಕೆ ಸಾಕ್ಷಿಯಾಯಿತು. ಆ ವರ್ತಕನೇ ಆನಂದರಂಗ ಪಿಳ್ಳೆ.

ಈತನು ಮದರಾಸಿನ ಬಳಿಯ ಪೆರಂಬೂರಿನಲ್ಲಿ 1709ರಲ್ಲಿ ಜನಿಸಿದನು. ತಂದೆ ತಿರುವೆಂಗಡ ಪಿಳ್ಳೆಯು ಫ್ರೆಂಚರ ಪಟ್ಟಣಕ್ಕೆ ವಲಸೆ ಬಂದುದು ಹತ್ತಿರದ ಬಂಧುವಾದ ನೈನಿಯಪ್ಪ ಪಿಳ್ಳೆಯ ಪ್ರೇರಣೆಯಿಂದ. ಆ ನೈನಿಯಪ್ಪನಾದರೋ ಫ್ರೆಂಚ್ ಕಂಪನಿಯ ಮುಖ್ಯ ದ್ವಿಭಾಷಿಯಾಗಿ ಮೆರೆದು, ಅಧಿಕಾರಸ್ಥರ ಕೋಪಕ್ಕೆ ಗುರಿಯಾಗಿ, 1717ರಲ್ಲಿ ಸೆರೆಮನೆಯಲ್ಲಿಯೇ ಪ್ರಾಣಬಿಟ್ಟನು. ಅವನ ಮಗ ಗುರುವಪ್ಪನು ಸಮುದ್ರವನ್ನು ದಾಟಿ ಫ್ರಾನ್ಸಿಗೇ ಹೋಗಿ ನ್ಯಾಯವನ್ನು ಬೇಡಿ ತರಬೇಕಾಯಿತು. ದೊರೆಯ ಅನುಗ್ರಹಕ್ಕೂ ಸೆರೆಮನೆಯ ಬಾಗಿಲಿಗೂ ನಡುವೆ ಇರುವ ಅಂತರವೆಷ್ಟೆಂಬುದನ್ನು ಬಾಲ್ಯದಲ್ಲಿಯೇ ಕಂಡವನಾದುದರಿಂದಲೇ, ಗವರ್ನರನ ಮುಖದಲ್ಲಿ ಮೂಡಿದ ಒಂದು ಗಂಟನ್ನಾಗಲಿ, ಒಂದು ಮುಗುಳ್ನಗೆಯನ್ನಾಗಲಿ ಬಿಡದೆ ಬರೆದಿಡುವ ಆ ಎಚ್ಚರ ಈತನಿಗೆ ಬಂದಿತೆಂದು ನನಗೆ ತೋರುತ್ತದೆ.

ದ್ವಿಭಾಷಿಯೆಂದರೆ ಎರಡು ನುಡಿಗಳನ್ನು ಬಲ್ಲವನು. ಆದರೆ ಆ ಕಾಲದ ಬಂದರುಗಳಲ್ಲಿ ದ್ವಿಭಾಷಿಯು ಬರಿಯ ಅನುವಾದಕನಾಗಿರಲಿಲ್ಲ. ನೇಕಾರರಿಗೆ ಮುಂಗಡ ಹಂಚುವವನು, ಬಟ್ಟೆಯ ಮೂಟೆಗಳಿಗೆ ಹೊಣೆ ನಿಲ್ಲುವವನು, ನವಾಬನ ಪತ್ರವನ್ನು ಓದಿ ಉತ್ತರವನ್ನು ಸೂಚಿಸುವವನು, ಊರಿನ ಜಾತಿವ್ಯಾಜ್ಯಗಳನ್ನು ಕೇಳಿ ತೀರಿಸುವವನು ಎಲ್ಲವೂ ಅವನೇ. 1746ರಲ್ಲಿ ಮುಖ್ಯ ದ್ವಿಭಾಷಿ ಕನಕರಾಯ ಮುದಲಿಯು ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಕ್ರೈಸ್ತನೇ ಬರಬೇಕೆಂದು ಜೆಸುಯಿಟ್ ಪಾದ್ರಿಗಳು ಹಟ ಹಿಡಿದರೂ, ಗವರ್ನರ್ ಡೂಪ್ಲೆಯ ಪತ್ನಿಯೇ ಪ್ರತಿಕೂಲಳಾಗಿದ್ದರೂ, ಡೂಪ್ಲೆಯು ಅದನ್ನು ಆನಂದರಂಗನಿಗೇ ಒಪ್ಪಿಸಿದನು. ಅದೇ ವರ್ಷ ಫ್ರೆಂಚರು ಮದರಾಸನ್ನು ಹಿಡಿದರು. ಅಡಿಯಾರಿನ ದಡದಲ್ಲಿ ಅವರ ಸಣ್ಣ ತುಕಡಿಯೊಂದು ನವಾಬ ಅನ್ವರುದ್ದೀನನ ದೊಡ್ಡ ಸೈನ್ಯವನ್ನು ಚೆದರಿಸಿತು. ಕೋಟೆಯ ತೋಪುಗಳು ಯಾರಿಗೆ ಎಷ್ಟು ಸಲ ಹಾರಿದವೆಂಬುದನ್ನೂ ಈತನು ಎಣಿಸಿ ಬರೆಯುತ್ತಿದ್ದನು. ಇದು ಕ್ಷುಲ್ಲಕವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಮರ್ಯಾದೆಯೇ ರಾಜಕಾರಣದ ನಾಣ್ಯವಾಗಿದ್ದ ಆ ಕಾಲದಲ್ಲಿ ತೋಪಿನ ಲೆಕ್ಕವೆಂದರೆ ಅಧಿಕಾರದ ಲೆಕ್ಕವೇ ಸರಿ.

1748ರ ಮಳೆಗಾಲದಲ್ಲಿ ಇಂಗ್ಲಿಷ್ ನೌಕಾಧಿಪತಿ ಬಾಸ್ಕೋವನ್ ಪಾಂಡಿಚೇರಿಯನ್ನು ಮುತ್ತಿದ್ದಾಗ, ಆ ಗೊಂದಲದ ನಡುವೆಯೇ, ಜೆಸುಯಿಟರ ಇಗರ್ಜಿಗೆ ಹೊಂದಿಕೊಂಡಿದ್ದ ವೇದಪುರೀಶ್ವರನ ದೇವಾಲಯವನ್ನು ಕೆಡವಿಸಲಾಯಿತು. ಊರಿನ ಹಿರಿಯರು ನೊಂದು ಆನಂದರಂಗನ ಬಳಿಗೆ ಬಂದರು. ಉಳಿದ ವಾಹನಾದಿಗಳನ್ನು ಕಾಳಹಸ್ತೀಶ್ವರನ ಗುಡಿಗೆ ಸಾಗಿಸುವುದಷ್ಟೇ ಸಾಧ್ಯವಾಯಿತು. ಆತನಾದರೂ ಪದವಿಯನ್ನು ಬಿಟ್ಟು ಎದ್ದು ಬರಲಿಲ್ಲ. ಈ ಪುಟಗಳನ್ನು ಓದುವಾಗ ನನ್ನ ಮನಸ್ಸು ಇಂದಿಗೂ ಕಲಕುತ್ತದೆ. ಆದರೆ ಆ ದಿನದ ದುಃಖವನ್ನು ಈ ನೆಲದವನೊಬ್ಬನ ಮಾತಿನಲ್ಲಿ ನಾವು ಇಂದು ಕೇಳಬಲ್ಲೆವಾದರೆ, ಅದು ಆತನು ರಾತ್ರಿ ಮನೆಗೆ ಬಂದು ಲೇಖನಿ ಹಿಡಿದುದರಿಂದಲೇ.

ಆ ಕಾಲದ ಕಾಗದಪತ್ರಗಳಲ್ಲಿ ಕರ್ನಾಟಕವೆಂದರೆ ಬಹುಮಟ್ಟಿಗೆ ಆರ್ಕಾಟಿನ ಸೀಮೆ. ವಿಜಯನಗರದ ಅರಸರ ಆಳ್ವಿಕೆಯೊಡನೆ ಪೂರ್ವದ ಕರಾವಳಿಗೆ ಇಳಿದ ಆ ಹೆಸರು, ಅವರ ಸಿಂಹಾಸನ ಉರುಳಿದ ಮೇಲೂ ಅಲ್ಲಿಯೇ ನಿಂತುಬಿಟ್ಟಿತ್ತು. ಆ ಸೀಮೆಗಾಗಿ ನಡೆದ ಕಲಹದಲ್ಲಿ ನಮ್ಮವರ ಪಾತ್ರವೂ ಅಲ್ಪವಲ್ಲ: 1750ರ ಡಿಸೆಂಬರಿನಲ್ಲಿ ನಿಜಾಮ ನಾಸಿರ್ ಜಂಗನನ್ನು ಬಲಿತೆಗೆದುಕೊಂಡ ಪಿತೂರಿಯಲ್ಲಿ ಕಡಪ ಕರ್ನೂಲುಗಳ ನವಾಬರೊಡನೆ ಸವಣೂರಿನ ನವಾಬನೂ ಇದ್ದನು, ತಿರುಚಿನಾಪಳ್ಳಿಯ ಆಸೆಗೆ ಬಿದ್ದ ಮೈಸೂರಿನ ನಂಜರಾಜಯ್ಯನು ಮೊದಲು ಇಂಗ್ಲಿಷರ ಬೆಂಬಲವಿದ್ದ ಮಹಮ್ಮದಾಲಿಯ ಪಕ್ಷವನ್ನೂ ಅನಂತರ ಫ್ರೆಂಚರ ಪಕ್ಷವನ್ನೂ ಹಿಡಿದು ಬೊಕ್ಕಸವನ್ನು ಬರಿದು ಮಾಡಿದನು.

1754ರಲ್ಲಿ ಡೂಪ್ಲೆಯನ್ನು ಸ್ವದೇಶಕ್ಕೆ ಹಿಂದೆ ಕರೆಸಿಕೊಂಡರು. ಎರಡು ವರ್ಷಗಳಲ್ಲಿ ಆನಂದರಂಗನೂ ಪದವಿಯನ್ನು ಕಳೆದುಕೊಂಡು, ವ್ಯಾಧಿಗ್ರಸ್ತನಾಗಿ, ಫ್ರೆಂಚ್ ಸೇನಾಪತಿ ಕೌಂಟ್ ಲಾಲಿಯ ದರ್ಪದ ದಿನಗಳನ್ನು ಮನೆಯಿಂದಲೇ ನೋಡುತ್ತ ಬರೆದನು. 1760ರಲ್ಲಿ ಮೈಸೂರಿನ ಹೈದರಾಲಿಯು ಮಖ್ದುಮ್ ಅಲಿಯ ನಾಯಕತ್ವದಲ್ಲಿ ಕಳುಹಿಸಿದ ದಂಡು ಪಾಂಡಿಚೇರಿಗೆ ಒಂದು ಆಸೆಯನ್ನು ತಂದಿತ್ತು. ಆದರೆ ಆಗಸ್ಟಿನಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರನ ಆಪ್ತನಾಗಿದ್ದ ಖಂಡೇರಾಯನು ತಿರುಗಿಬಿದ್ದುದರಿಂದ ಹೈದರನು ಬೆಂಗಳೂರಿಗೆ ಓಡಿಹೋಗಿ, ಆ ದಂಡನ್ನು ಹಿಂದಕ್ಕೆ ಕರೆಸಬೇಕಾಯಿತು. ಕಾವೇರಿಯ ದ್ವೀಪದಲ್ಲಿ ಎದ್ದ ಕಲಹವು ಸಮುದ್ರತೀರದ ಪಟ್ಟಣದ ಕೊನೆಯ ನೆರವನ್ನು ಹೀಗೆ ಕಿತ್ತುಕೊಂಡಿತು. 1761ರ ಜನವರಿ 16ರಂದು ಪಾಂಡಿಚೇರಿಯು ಇಂಗ್ಲಿಷರ ವಶವಾಯಿತು. ಆನಂದರಂಗನು ಕಣ್ಣು ಮುಚ್ಚಿದುದೂ ಆ ದಿನಗಳಲ್ಲಿಯೇ. ಗೆದ್ದವರು ಪಟ್ಟಣವನ್ನು ನೆಲಸಮ ಮಾಡಿದರು. ಆತನ ಮನೆ ಉಳಿದಿದೆ.

ದಿನಚರಿಯಾದರೋ 1846ರವರೆಗೆ ವಂಶಸ್ಥರ ಮನೆಯಲ್ಲಿ ಅಜ್ಞಾತವಾಗಿ ಬಿದ್ದಿದ್ದು, ಗಲ್ವಾ ಮೊಂಬ್ರಂ ಎಂಬ ಫ್ರೆಂಚ್ ವಿದ್ವಾಂಸನ ಕಣ್ಣಿಗೆ ಬಿದ್ದು, ಮದರಾಸು ಸರಕಾರದ ಆಶ್ರಯದಲ್ಲಿ 1904ರಿಂದ 1928ರ ವರೆಗೆ ಹನ್ನೆರಡು ಸಂಪುಟಗಳಾಗಿ ಇಂಗ್ಲಿಷಿನಲ್ಲಿ ಅಚ್ಚಾಯಿತು.

ಆನಂದರಂಗನಂತೆಯೇ ನಮ್ಮ ನಾಡಿನ ಶೆಟ್ಟರೂ ಶಾನುಭೋಗರೂ ಹುಣಿಸೆಬೀಜದ ಗಂಜಿ ಮತ್ತು ಇದ್ದಿಲನ್ನು ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ತಲೆಮಾರುಗಳ ಕಾಲ ಬರೆದಿಟ್ಟರು. ಓದುಗ ಮಹನೀಯರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅಂಥದೊಂದು ಕಡತ ಮಡಿಚಿ ಬಿದ್ದಿದ್ದರೆ, ಅದನ್ನು ಗುಜರಿಗೆ ಹಾಕುವ ಮುನ್ನ ಓದಬಲ್ಲವರೊಬ್ಬರಿಗೆ ತೋರಿಸಿರೆಂದು ಬೇಡುತ್ತೇನೆ.