ಹಸಿ ಹಾಪ್ಸಿನ ಬಿಯರು ಮತ್ತು ಅದರ ತಾರತಮ್ಯ ವಿಚಾರ

ಬಿಯರಿನ ಗುಣದೋಷಗಳನ್ನು ಕುರಿತು ಪುಣೆ ನಗರದಲ್ಲಿ ಈಚೆಗೆ ನಡೆಯುವ ಮಾತುಕತೆಗಳಲ್ಲಿ ಎರಡು ನಂಬಿಕೆಗಳು ಬೇರೂರಿರುವುದು ಕಾಣುತ್ತದೆ: ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸು ಎಂಬ ಹೂವಿನ ಗುಣ ಕಹಿ ಹೆಚ್ಚಿದಷ್ಟೂ ಹೆಚ್ಚಿತೆಂಬುದು ಒಂದು, ಬಳ್ಳಿಯಿಂದ ಕಿತ್ತ ಹಸಿ ಹಾಪ್ಸನ್ನೇ ಹಾಕಿ ಕುದಿಸಿದ್ದಾದರೆ ಅಂಥ ಬಿಯರಿಗೆ ಪರೀಕ್ಷೆಯೇ ಬೇಡವೆಂಬುದು ಇನ್ನೊಂದು. ಎರಡೂ ತಪ್ಪೆಂದು ಹೇಳಲು ನನಗೆ ಸಂಕೋಚವಿಲ್ಲ. ಹಸಿ ಹಾಪ್ಸಿನ ಬಿಯರಿಗೆ ಹಿರಿಮೆಯೇನಾದರೂ ಇದ್ದರೆ ಅದು ಪರಿಮಳದಿಂದ ಬಂದದ್ದು. ಆ ಪರಿಮಳವೂ ಕ್ಷಣಭಂಗುರವಾದುದರಿಂದ, ಅದರ ಬೆಲೆ ಕಟ್ಟಲು ಕೂರುವವನಿಗೆ ಉಳಿದ ಯಾವ ಬಿಯರಿಗೂ ಬೇಕಾಗದಷ್ಟು ಎಚ್ಚರ ಬೇಕು.

ಹಾಪ್ಸಿನ ಪ್ರಾಚೀನ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಪೇಯವು ಕೆಡದಂತೆ ಹಾಪ್ಸು ಕಾಯುತ್ತದೆಂದು 12ನೆಯ ಶತಮಾನದಲ್ಲಿಯೇ ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್ ಬರೆದಿಟ್ಟಳು. 1516ರಲ್ಲಿ ಬವೇರಿಯದ ಪ್ರಭುಗಳು ಬಾರ್ಲಿ, ಹಾಪ್ಸು, ನೀರು ಇವಿಷ್ಟರಿಂದಲೇ ಬಿಯರು ಮಾಡತಕ್ಕದ್ದೆಂದು ಕಟ್ಟಳೆ ವಿಧಿಸಿದರು. ಲಂಡನ್ನಿನ ಹಾಡ್ಜ್‌ಸನ್ನನ ಬೋ ಬ್ರೂವರಿಯಿಂದಲೂ ಮುಂದೆ ಬರ್ಟನ್ ಪಟ್ಟಣದಿಂದಲೂ ಹಡಗೇರಿ ಮುಂಬಯಿ, ಮದರಾಸು, ಕಲ್ಕತ್ತೆಗಳಿಗೆ ಇಳಿದ ಪೇಲ್ ಏಲ್ ಹಾಪ್ಸಿನಿಂದ ಸಮೃದ್ಧವಾಗಿತ್ತಾದರೂ, ಆ ಹಾಪ್ಸು ಗೂಡಿನಲ್ಲಿ ಒಣಗಿಸಿ ಮೂಟೆ ಕಟ್ಟಿದ್ದು. ಎಡ್ವರ್ಡ್ ಡಯರ್ ಕಸೌಲಿಯ ಬೆಟ್ಟದಲ್ಲಿ ಆರಂಭಿಸಿದ ಕಾರ್ಖಾನೆಯಾಗಲಿ, 1915ರಲ್ಲಿ ಥಾಮಸ್ ಲೀಷ್‌ಮನ್ ದಕ್ಷಿಣದ ಬ್ರೂವರಿಗಳನ್ನು ಒಂದುಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಆಗಲಿ ಈ ಪದ್ಧತಿಯಿಂದ ಕದಲಲಿಲ್ಲ. ಕಾಶ್ಮೀರದ ಸೋಪೋರದ ಬಳಿ ಸಂಸ್ಥಾನದವರು ಹಾಪ್ಸಿನ ತೋಟವನ್ನು ಇಟ್ಟಿದ್ದರು; ಆ ಪ್ರಯತ್ನವೂ ದೇಶದ ರುಚಿಯನ್ನು ತಿದ್ದುವಷ್ಟು ಬೆಳೆಯಲಿಲ್ಲ.

ಹಸಿ ಹಾಪ್ಸಿಗೂ ಒಣ ಹಾಪ್ಸಿಗೂ ಇರುವ ಅಂತರ ಎಷ್ಟೆಂಬುದನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಹೆಣ್ಣು ಬಳ್ಳಿಯ ತೆನೆಯಂಥ ಹೂವಿನ ಪಕಳೆಗಳ ಬುಡದಲ್ಲಿ ಲ್ಯುಪುಲಿನ್ ಎಂಬ ಹಳದಿಯ ಅಂಟು ಪುಡಿಯಿರುತ್ತದೆ. ಕಹಿಗೆ ಮೂಲವಾದ ಆಮ್ಲಗಳೂ ಪರಿಮಳಕ್ಕೆ ಮೂಲವಾದ ತೈಲಗಳೂ ಇರುವುದು ಅದರಲ್ಲಿಯೇ. ಕೊಯ್ದ ಹೂವಿನ ತೂಕದಲ್ಲಿ ಸುಮಾರು ಶೇಕಡಾ 80 ಭಾಗ ನೀರು. ಗೂಡಿನಲ್ಲಿ ಬಿಸಿ ಗಾಳಿಯೂಡಿ ಅದನ್ನು ಶೇಕಡಾ 10ರ ಆಸುಪಾಸಿಗೆ ಇಳಿಸಿದರೆ ಹೂವು ವರ್ಷವಿಡೀ ಬಾಳುತ್ತದೆ, ಆದರೆ ಹಗುರವಾದ ತೈಲಗಳಲ್ಲಿ ಒಂದು ಪಾಲು ಆವಿಯೊಡನೆ ಹೊರಟುಹೋಗುತ್ತದೆ. ಒಣಗಿಸದೆ ರಾಶಿ ಹಾಕಿದರೆ ರಾಶಿಯೇ ಕಾವೇರಿ ಕೊಳೆಯತೊಡಗುವುದರಿಂದ, ಹಸಿ ಹೂವು ಒಂದು ಹಗಲು ಒಂದು ಇರುಳಿನೊಳಗೆ ಕೊಪ್ಪರಿಗೆಯನ್ನು ಸೇರಲೇಬೇಕು. ಅದೂ ಒಣಗಿದ್ದರ 5-6 ಪಟ್ಟು ತೂಕದಲ್ಲಿ.

ಬಿಯರಿನ ಆಸ್ವಾದನವು ಒಂದು ಶಾಸ್ತ್ರದ ರೂಪಕ್ಕೆ ಬಂದುದು ತೀರ ಈಚೆಗೆ. ಇಂಗ್ಲೆಂಡಿನ ಲೇಖಕ ಮೈಕೆಲ್ ಜಾಕ್ಸನ್ 1977ರಲ್ಲಿ ಪ್ರಕಟಿಸಿದ ಗ್ರಂಥವು ಜಗತ್ತಿನ ಬಿಯರುಗಳನ್ನು ಜಾತಿವಾರು ವಿಂಗಡಿಸಿ, ಅವುಗಳನ್ನು ಕುರಿತು ಗೌರವದಿಂದ ಮಾತನಾಡುವ ಕ್ರಮವನ್ನು ಕಲಿಸಿತು. 1979ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ ಮೈಲ್ಗಾರ್ಡನೂ ಅವನ ಸಹೋದ್ಯೋಗಿಗಳೂ ಬಿಯರಿನ ವಾಸನೆ ರುಚಿಗಳನ್ನೆಲ್ಲ ಒಂದು ಚಕ್ರದಲ್ಲಿ ಅಳವಡಿಸಿದರು. ಆ ಚಕ್ರವನ್ನು ಗೋಡೆಗೆ ತೂಗುಹಾಕುವವರು ಬಹಳ. ಒಂದೊಂದು ವಾಸನೆಗೂ ಒಂದೊಂದು ಪ್ರಮಾಣದ್ರವ್ಯವನ್ನು ಮೂಸಿ ಮೂಗನ್ನು ಪಳಗಿಸಬೇಕೆಂಬ ಅದರ ನಿಜವಾದ ಬೋಧೆಯನ್ನು ಪಾಲಿಸುವವರು ಕಡಮೆ. 1985ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಬಿ.ಜೆ.ಸಿ.ಪಿ. ಎಂಬ ಪರೀಕ್ಷಕರ ಸಂಸ್ಥೆಯು 50 ಅಂಕಗಳ ಪಟ್ಟಿಯನ್ನು ಬಳಕೆಗೆ ತಂದಿತು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಕುವ ಗುಣಕ್ಕೆ 5, ಒಟ್ಟಿನ ಅನುಭವಕ್ಕೆ 10. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡಾ ಕಂಪನಿಯವರು 1996ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಯಾಕಿಮಾ ಕಣಿವೆಯಿಂದ ಹಸಿ ಹೂವನ್ನು ಲಾರಿಗಳಲ್ಲಿ ತರಿಸಿ ಹಾರ್ವೆಸ್ಟ್ ಏಲ್ ಮಾಡಿದ ಮೇಲೆ, ಕೊಯ್ಲಿನ ಬಿಯರು ಅಲ್ಲಿ ಒಂದು ಋತುವಿನ ಉತ್ಸವವಾಯಿತು. ಅಂಕಪಟ್ಟಿ ಮಾತ್ರ ಒಣ ಹಾಪ್ಸಿನ ಕಾಲದ್ದಾಗಿಯೇ ಉಳಿಯಿತು.

ಪುಣೆಯ ಕಥೆ 2009ರಿಂದ ಮೊದಲಾಗುತ್ತದೆ. ದೇಶದ ಮೊತ್ತಮೊದಲ ಮೈಕ್ರೋಬ್ರೂವರಿಗಳಲ್ಲಿ ಒಂದಾದ ಡೂಲಾಲಿ ಆ ವರ್ಷ ಇಲ್ಲಿ ತೆರೆದಾಗ, ಬಾಟಲಿಯ ಲಾಗರ್ ಒಂದನ್ನೇ ಬಿಯರೆಂದು ಬಲ್ಲ ಊರಿಗೆ, ಗೋದಿಯ ಬಿಯರನ್ನೂ, ಕೊತ್ತಂಬರಿ ಬೀಜ ಕಿತ್ತಳೆ ಸಿಪ್ಪೆಗಳಿಂದ ಕಂಪುಗೊಳಿಸಿದ ಬೆಲ್ಜಿಯನ್ ವಿಟ್ಟನ್ನೂ ಅವನ್ನು ಮಾಡಿದ ತೊಟ್ಟಿಯ ಪಕ್ಕದಲ್ಲಿಯೇ ಕೂತು ಕುಡಿಯುವ ಅವಕಾಶ ದೊರೆಯಿತು. ಮುಂದೆ ಮುಂಢವಾದ ಇಂಡಿಪೆಂಡೆನ್ಸ್ ಬ್ರೂಯಿಂಗ್ ಕಂಪನಿಯೂ, ಗ್ರೇಟ್ ಸ್ಟೇಟ್ ಏಲ್ ವರ್ಕ್ಸೂ ಬಂದವು. ಬೆಂಗಳೂರಿನಲ್ಲಿ ಟಾಯ್ಟ್, ಆರ್ಬರ್, ವಿಂಡ್‌ಮಿಲ್ಸ್ ಇವುಗಳು ನಡೆಸಿದ ಕೆಲಸದ ಸುದ್ದಿಯನ್ನು, ಎರಡೂ ಊರುಗಳ ನಡುವೆ ಓಡಾಡುವ ನಮ್ಮಂಥ ಕನ್ನಡಿಗರು ಇಲ್ಲಿಗೂ ಇಲ್ಲಿನದನ್ನು ಅಲ್ಲಿಗೂ ಮುಟ್ಟಿಸಿದೆವು. ಆ ವರ್ಷಗಳಲ್ಲಿ, ಕಂಪನಿಯ ಹೆಸರು ಕಾಣದಂತೆ ಲೋಟಗಳಿಗೆ ಅಂಕಿಗಳನ್ನಷ್ಟೇ ಹಚ್ಚಿ, ಮಾತಿಲ್ಲದೆ ಮೂಸಿ, ಬರೆದಿಟ್ಟು, ಎಲ್ಲರ ಬರಹವೂ ಮುಗಿದ ಮೇಲೆಯೇ ಚರ್ಚೆಗಿಳಿಯುವ ಶಿಸ್ತನ್ನು ಒಂದು ಚಿಕ್ಕ ಗುಂಪು ಬೆಳೆಸಿಕೊಂಡಿತು. ಪುಣೆಯ ಪರೀಕ್ಷಕ ಪರಂಪರೆ ಎಂದು ಹೆಸರಿಸತಕ್ಕದ್ದು ಏನಾದರೂ ಇದ್ದರೆ ಅದು ಈ ಗುಂಪಿನಿಂದ ಬಂದದ್ದೇ ಹೊರತು, ದೊಡ್ಡ ಹೋಟೆಲುಗಳ ಬಹುಮಾನ ಸಮಾರಂಭಗಳಿಂದಲ್ಲ.

ಹಸಿ ಹಾಪ್ಸಿನ ಬಿಯರು ಈ ಮೇಜಿಗೆ ಬಂದುದು ಅಮೆರಿಕದಿಂದ ಮರಳುವವರ ಪೆಟ್ಟಿಗೆಗಳಲ್ಲಿ. ನಮ್ಮ ಕೈಗೆ ಸಿಗುವ ಹೊತ್ತಿಗೆ ಅವು ತಿಂಗಳುಗಳನ್ನು ಕಳೆದಿರುತ್ತಿದ್ದವು. ಈ ಜಾತಿಯ ಬಿಯರಿಗೆ ಜೀವವಾದ ಹಸಿರು ಕಂಪು, ಆಗತಾನೆ ಕೊಯ್ದ ಹುಲ್ಲಿನದೂ ಎಳೆ ಸೌತೆಕಾಯಿಯದೂ ಆದ ಆ ತೆಳುವಾದ ತಾಜಾತನ, ಮೊದಲ ಕೆಲವು ವಾರಗಳಲ್ಲಿಯೇ ಮಾಸತೊಡಗುತ್ತದೆ. ಉಳಿಯುವುದು ಎಲೆಯ ಒಗರು. ಆ ಒಗರನ್ನೇ ಹಸಿ ಹಾಪ್ಸಿನ ಲಕ್ಷಣವೆಂದು ತಿಳಿದು ಹೊಗಳುವ ಪದ್ಧತಿ ಇಲ್ಲಿ ಹರಡಿತು. ಆದಕಾರಣ ಪರೀಕ್ಷಕನು ಲೋಟವನ್ನು ಎತ್ತುವ ಮುನ್ನ ಬಿಯರಿನ ವಯಸ್ಸನ್ನು ಕೇಳತಕ್ಕದ್ದು. ಹಿಮದಂತೆ ತಣ್ಣಗಿರುವ ಬಿಯರಿನಿಂದ ಪರಿಮಳ ಏಳದಾದುದರಿಂದ ಸುರಿಯುವ ಮುನ್ನ ತುಸು ಕಾಯತಕ್ಕದ್ದು. ಸುರಿದೊಡನೆ ಮೊದಲು ಮೂಸಿ, ಆಮೇಲೆ ಬಣ್ಣ ನೋಡತಕ್ಕದ್ದು. ಹಸಿ ಹೂವಿನ ಆಮ್ಲದ ಪ್ರಮಾಣವನ್ನು ಮುಂಚಿತವಾಗಿ ಪರೀಕ್ಷಿಸಲು ತಯಾರಕನಿಗೆ ವೇಳೆಯಿರುವುದಿಲ್ಲವಾಗಿ, ಕಹಿಯಲ್ಲಿ ಅಲ್ಪಸ್ವಲ್ಪ ಏರುಪೇರಾದರೆ ಅದನ್ನು ಕ್ಷಮಿಸಬಹುದು. ಬೇಯಿಸಿದ ಸೊಪ್ಪಿನ ನಾತ, ನಾಲಗೆಯನ್ನು ಹಿಡಿಯುವ ಒಗರು, ತಡವಾಗಿ ಕೊಯ್ದ ಹೂವಿನಿಂದ ಬರುವ ಈರುಳ್ಳಿ ಬೆಳ್ಳುಳ್ಳಿಗಳ ವಾಸನೆ ಇವನ್ನು ಮಾತ್ರ, ತಾಜಾತನದ ಹೆಸರಿನಲ್ಲಿ, ಕ್ಷಮಿಸಲಾಗದು. ಪರಿಮಳಕ್ಕೆ 12 ಅಂಕ ಸಾಲದೆಂಬುದೂ, ಈ ಬಿಯರಿಗೆ ಮಾತ್ರ ಅದನ್ನು ರುಚಿಯ ಸಮಕ್ಕೆ ಏರಿಸಬೇಕೆಂಬುದೂ ನನ್ನ ದೃಢವಾದ ಅಭಿಪ್ರಾಯ.

ನಮ್ಮ ಪರೀಕ್ಷಕರು ಬರೆಯುವ ಟಿಪ್ಪಣಿಗಳನ್ನು ಓದಿದರೆ ಪೈನ್ ಮರ, ಗ್ರೇಪ್‌ಫ್ರೂಟ್, ಪ್ಯಾಶನ್ ಫ್ರೂಟ್ ಇವೇ ಸುತ್ತಿ ಸುತ್ತಿ ಬರುತ್ತವೆ. ಬರೆದವರಲ್ಲಿ ಅನೇಕರು ಅವನ್ನು ಎಂದೂ ಕೈಯಲ್ಲಿ ಹಿಡಿದವರಲ್ಲ. ಆದರೆ ಹಾಪ್ಸಿನ ಪರಿಮಳದ ಮೂಲಗಳು ನಮಗೆ ಹೊಸವಲ್ಲ. ಅದರ ಮುಖ್ಯ ತೈಲವಾದ ಮಿರ್ಸೀನ್ ಮಾವಿನಲ್ಲಿದೆ. ಹಾಪ್ಸಿನಲ್ಲಿರುವ ಲಿನಲೂಲ್ ಕೊತ್ತಂಬರಿ ಬೀಜದಲ್ಲಿದೆ. ಅದರಲ್ಲಿಯೇ ಇರುವ ಜೆರಾನಿಯೋಲ್ ಖಾನದೇಶದ ರೋಷಾ ಹುಲ್ಲಿನ ಎಣ್ಣೆಯಲ್ಲಿದೆ. ಮಾವಿನ ಸೊನೆಯನ್ನೂ, ಕಂಚಿ ಹೇರಳೆಗಳ ಸಿಪ್ಪೆಯನ್ನೂ, ಮಾಲೆಯಲ್ಲಿ ಕಟ್ಟಿದ ದವನ ಮರುಗಗಳನ್ನೂ ಬಾಲ್ಯದಿಂದ ಬಲ್ಲ ಮೂಗಿಗೆ ಬೇರೆ ಪ್ರಮಾಣದ್ರವ್ಯ ಏತಕ್ಕೆ? ಮೈಲ್ಗಾರ್ಡನ ಕ್ರಮವನ್ನು ನಮ್ಮ ಹಿತ್ತಿಲಿನ ವಸ್ತುಗಳಿಂದ ಕಟ್ಟಿಕೊಳ್ಳುವ ಕೆಲಸವನ್ನು ಇಲ್ಲಿ ಯಾರೂ ಇನ್ನೂ ಕ್ರಮವಾಗಿ ಕೈಗೊಂಡಿಲ್ಲವೆಂಬುದು ಖೇದದ ಸಂಗತಿ.

ಅದಕ್ಕಿಂತಲೂ ದೊಡ್ಡ ಕೊರತೆ ಹೂವಿನದು. ಹಾಪ್ ಬಳ್ಳಿ ಚೆನ್ನಾಗಿ ಹೂಬಿಡಲು ಬೇಸಗೆಯ ದೀರ್ಘವಾದ ಹಗಲೂ ಚಳಿಗಾಲದ ನಿದ್ರೆಯೂ ಬೇಕು. ಪುಣೆಯ ಅತಿ ದೀರ್ಘ ಹಗಲು 13 ಗಂಟೆಗಳಿಗಿಂತ ತುಸುವೇ ಹೆಚ್ಚು, ಯಾಕಿಮಾದಲ್ಲಿ ಅದು 16 ಗಂಟೆಗಳ ಸಮೀಪ. ಆದರೆ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ದಶಕಗಳಿಂದ ಹಾಪ್ಸಿನ ಕೃಷಿ ನಡೆದು ಬಂದಿದೆ. ಆಮದಾದ ಅಗ್ಗದ ಹಾಪ್ಸಿನ ಎದುರು ನಿಲ್ಲಲಾರದೆ ಅಲ್ಲಿನ ಅನೇಕ ರೈತರು ಬಟಾಣಿಗೂ ಹೂಕೋಸಿಗೂ ತಿರುಗಿದರು. ನಮ್ಮ ಬ್ರೂವರಿಗಳು ಹೊರದೇಶದ ಒಣ ಹಾಪ್ಸಿನ ಪೆಲೆಟ್ಟುಗಳನ್ನು (ಗುಳಿಗೆಗಳನ್ನು) ತರಿಸಿಕೊಂಡು ಸುಮ್ಮನಾದವು. ರೋಹತಾಂಗ್ ಕಣಿವೆಮಾರ್ಗವನ್ನು ಏರಿ ಇಳಿಯಬೇಕಾಗಿದ್ದ ಕಾಲದಲ್ಲಿ ಹಸಿ ಹೂವನ್ನು ಹೊರಗೆ ತರುವುದು ಕಷ್ಟಸಾಧ್ಯವೆಂಬ ಸಮಾಧಾನವಾದರೂ ಇತ್ತು. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಆ ಸಮಾಧಾನಕ್ಕೂ ಎಡೆಯಿಲ್ಲ.

ಪುಣೆಯ ತಯಾರಕರಲ್ಲಿ ನನ್ನ ವಿನಂತಿ ಇಷ್ಟೇ. ಬರುವ ಕೊಯ್ಲಿನ ಕಾಲದಲ್ಲಿ ಒಬ್ಬರಾದರೂ ಲಾಹೌಲಿನ ಒಂದು ತೋಟದೊಡನೆ ಮೊದಲೇ ಮಾತಾಡಿ, ಬೆಳಿಗ್ಗೆ ಕಿತ್ತ ಹೂವನ್ನು ರಸ್ತೆಯಿಂದಲೂ ವಿಮಾನದಿಂದಲೂ ಮರುದಿನದೊಳಗೆ ಇಲ್ಲಿಗೆ ತರಿಸಿ ಕೊಪ್ಪರಿಗೆಗೆ ಹಾಕಲಿ; ಅದೇ ತೋಟದ ಒಣ ಹೂವಿನಿಂದ ಇನ್ನೊಂದು ತೊಟ್ಟಿಯನ್ನೂ ಇಡಲಿ; ಎರಡನ್ನೂ ಮೂರನೆಯ ವಾರದಲ್ಲಿ ಒಮ್ಮೆ, ಎರಡು ತಿಂಗಳ ಬಳಿಕ ಇನ್ನೊಮ್ಮೆ, ಹೆಸರು ಮುಚ್ಚಿ ಪರೀಕ್ಷಕರ ಮುಂದೆ ಇರಿಸಲಿ, ಬಂದ ಅಂಕಗಳನ್ನು ಹೇಗಿದ್ದರೆ ಹಾಗೆ ಪ್ರಕಟಿಸಲಿ.